ಊದುವವರನ್ನು ಕೊನೆಗೆ ಕೇಳಿ: ಹೆಸರಿಲ್ಲದ ಜಾಝ್ ಟೇಪುಗಳ ಜೊತೆ ನನ್ನ ಅನುಭವ

ಯುಗಾದಿ ಕಳೆದ ಮೇಲಿನ ಭಾನುವಾರ ನಮ್ಮ ಗುಂಪಿನ ಹಿರಿಯರೊಬ್ಬರು ಐನೂರರ ನೋಟು ತೆಗೆದು ನನ್ನ ಕೈಗಿಟ್ಟರು. ‘ಒಪ್ಕೊಂಡೆ ಕಣಪ್ಪ’ ಅಂದರು. ಈ ಮಾತಿಗೆ ನಾನು ಹೆಚ್ಚುಕಡಿಮೆ ಎರಡು ವರ್ಷ ಕಾದಿದ್ದೆ. ಹೆಸರಿಲ್ಲದ ಜಾಝ್ ತುಣುಕು ಕೇಳಿ ನುಡಿಸಿದವರು ಯಾರು ಅಂತ ಹೇಳುವುದರಲ್ಲಿ ನನ್ನ ದಾರಿ ತಲೆಕೆಳಗು ಅಂತ ಅವರು ಮೊದಲ ದಿನದಿಂದ ಹೇಳುತ್ತಿದ್ದರು. ನಾನು ಊದುವವರನ್ನು ಕೊನೆಗೆ ಕೇಳುತ್ತೇನೆ. ಮೊದಲು ಡ್ರಮ್ಸ್, ಆಮೇಲೆ ಬೇಸ್, ಆಮೇಲೆ ಪಿಯಾನೊದ ಎಡಗೈ. ಸ್ಯಾಕ್ಸೊಫೋನ್, ಟ್ರಂಪೆಟ್ ಎಲ್ಲ ಅದಾದ ಮೇಲೆ. ‘ಮದುವೆ ಮನೇಲಿ ಅಡುಗೆ ಭಟ್ರನ್ನ ನೋಡಿ ಗಂಡು ಯಾರು ಅಂತ ಹೇಳ್ತೀಯಾ?’ ಅಂತ ಕೇಳಿದ್ದರು. ಅಡುಗೆಯವರು ಯಾರು ಅಂತ ಗೊತ್ತಾದರೆ ಯಾವ ಊರಿನ, ಯಾವ ಮನೆತನದ ಮದುವೆ ಅಂತ ಗೊತ್ತಾಗುತ್ತೆ ಸಾರ್, ಆಮೇಲೆ ಗಂಡನ್ನು ಹುಡುಕುವುದು ಸುಲಭ ಅಂತ ಆಗಲೇ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾವು ಆರೇಳು ಜನ. ತಿಂಗಳಿಗೊಮ್ಮೆ ಮಲ್ಲೇಶ್ವರದಲ್ಲಿ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಸರದಿ ಬಂದವರು ಇಪ್ಪತ್ತು ತುಣುಕು ತರಬೇಕು. ಒಂದೊಂದು ಒಂದು ನಿಮಿಷ. ಹೆಸರು ಬರೆದು ಚೀಟಿ ಮಡಚಿ ಇಡಬೇಕು. ಮೊದಲ ಸಲ ನನಗೆ ಬಂದದ್ದು ಇಪ್ಪತ್ತಕ್ಕೆ ನಾಲ್ಕು. ಅದರಲ್ಲಿ ಎರಡು ಪಿಯಾನೊದ ಥೆಲೋನಿಯಸ್ ಮಂಕ್, ಅದು ಯಾರಿಗಾದರೂ ಬರುತ್ತೆ. ಪಕ್ಕಪಕ್ಕದ ಎರಡು ಕೀಲಿ ಒಟ್ಟಿಗೆ ಒತ್ತಿ ಕಿವಿ ಚುಚ್ಚುವವರು ಬೇರೆ ಯಾರಿದ್ದಾರೆ? ಈಗ ಹದಿಮೂರರ ಕೆಳಗೆ ಇಳಿಯುವುದಿಲ್ಲ. ಒಂದು ಸಲ ಹದಿನಾರು ಬಂತು. ಗುಂಪಿನಲ್ಲಿ ಬೇರೆ ಯಾರೂ ಹನ್ನೊಂದು ದಾಟಿದ್ದು ನೆನಪಿಲ್ಲ.

ಈ ದಾರಿಗೆ ನಾನು ಬಂದದ್ದು ಒಂದು ಸಾವಿರ ರೂಪಾಯಿ ಕಳೆದುಕೊಂಡು. ತುಣುಕಿನಲ್ಲಿ ಎರಡು ಟೆನರ್ ಸ್ಯಾಕ್ಸೊಫೋನ್. ಒಬ್ಬರು ಜಾನ್ ಕೋಲ್ಟ್ರೇನ್, ರಾಗದ ಅರ್ಧ ಸುತ್ತಿಗೇ ಸಿಕ್ಕರು. ಇನ್ನೊಬ್ಬರದು ಹಗುರವಾದ ನಾದ, ಏಟಿನ ಮೇಲೆ ಒರಗಿಕೊಂಡು ಆರಾಮಾಗಿ ನಡೆಯುವ ನುಡಿಸಾಣಿಕೆ. ಲೆಸ್ಟರ್ ಯಂಗ್ ಅಂದೆ. ಅಷ್ಟಕ್ಕೇ ಬಿಡದೆ ಪಂದ್ಯ ಕಟ್ಟಿದೆ. ಅದು ಪಾಲ್ ಕ್ವಿನಿಶೆಟ್. 1957ರ ಮೇ ತಿಂಗಳಲ್ಲಿ ಪ್ರೆಸ್ಟೀಜ್ ಅನ್ನುವ ಲೇಬಲ್‌ಗೆ, ಅಂದರೆ ರೆಕಾರ್ಡ್ ಕಂಪನಿಗೆ, ಕೋಲ್ಟ್ರೇನ್ ಜೊತೆ ಮಾಡಿದ ರೆಕಾರ್ಡಿಂಗ್. ಲೆಸ್ಟರ್‌ಗೆ ‘ಪ್ರೆಜ್’ ಅಂತ ಹೆಸರಿದ್ದರೆ ಇವರಿಗೆ ‘ವೈಸ್ ಪ್ರೆಜ್’ ಅಂತಲೇ ಹೆಸರಿತ್ತು. ಅಷ್ಟು ಹತ್ತಿರದ ನಾದ.

ಆ ರಾತ್ರಿ ನಿದ್ದೆ ಬರಲಿಲ್ಲ. ತಪ್ಪಿದ್ದೆಲ್ಲಿ ಅಂತ ಯೋಚಿಸುತ್ತಾ ಕೂತೆ. ಉತ್ತರ ಟೆನರ್‌ನಲ್ಲಿ ಇರಲಿಲ್ಲ, ಅದರ ಸುತ್ತ ಇತ್ತು. ನಾನು ಕೇಳಿದ ನಾದ 1930ರ ದಶಕದ ಕೊನೆಯಲ್ಲಿ ಕೌಂಟ್ ಬೇಸಿಯ ಬ್ಯಾಂಡಿನಲ್ಲಿದ್ದ ಲೆಸ್ಟರ್‌ದು. ಆದರೆ ಮೈಕು, ಸಿಂಬಲ್‌ನ ಗೀರು, ಪಿಯಾನೊದ ಮುಚ್ಚಿಕೊಂಡ ಸದ್ದು ಎಲ್ಲವೂ 1950ರ ದಶಕದ್ದು. ಆ ಹೊತ್ತಿಗೆ ನಿಜವಾದ ಲೆಸ್ಟರ್ ನಾದ ಭಾರವಾಗಿತ್ತು, ಮಾತು ತುಂಡುತುಂಡಾಗಿತ್ತು. ಇಪ್ಪತ್ತು ವರ್ಷ ಹಿಂದಿನ ಲೆಸ್ಟರ್ 1957ರ ರೆಕಾರ್ಡಿಂಗ್ ಕೋಣೆಯಲ್ಲಿ ಹೇಗೆ ಇರಲು ಸಾಧ್ಯ? ಕೋಣೆಯನ್ನು ಮೊದಲು ಕೇಳಿದ್ದರೆ ಸಾವಿರ ಉಳಿಯುತ್ತಿತ್ತು.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ. ಮೊದಲ ಸಲ ಕೇಳುವಾಗ ಯಾರ ಹೆಸರೂ ಮನಸ್ಸಿಗೆ ಬರಬಾರದು. ಬಂದರೆ ಚೀಟಿಯ ಹಿಂದೆ ಬರೆದು ಮಡಚಿಬಿಡುತ್ತೇನೆ. ಒಂದು ಹೆಸರು ತಲೆಗೆ ಹೊಕ್ಕರೆ ಕಿವಿ ಆಮೇಲೆ ಅದಕ್ಕೆ ಸಾಕ್ಷಿ ಹುಡುಕುವ ಕೆಲಸವನ್ನಷ್ಟೇ ಮಾಡುತ್ತೆ. ಟ್ರಂಪೆಟ್‌ನ ರಾಯ್ ಎಲ್ಡ್ರಿಜ್ ಅಂಥವರೇ 1951ರಲ್ಲಿ ವಿಮರ್ಶಕ ಲೆನರ್ಡ್ ಫೆದರ್ ಜೊತೆ ಪಂದ್ಯ ಕಟ್ಟಿ ಸೋತಿದ್ದರಲ್ವಾ. ನುಡಿಸುವವರು ಕರಿಯರೋ ಬಿಳಿಯರೋ ಕೇಳಿಯೇ ಹೇಳಬಲ್ಲೆ ಅಂದಿದ್ದರು. ಫೆದರ್ ರೆಕಾರ್ಡ್ ಹಾಕುತ್ತಾ ಹೋದರು, ಎಲ್ಡ್ರಿಜ್ ತಪ್ಪುತ್ತಾ ಹೋದರು. ಜೀವನವಿಡೀ ಅದೇ ಜನರ ಜೊತೆ ನುಡಿಸಿದ ಕಿವಿ ಅದು. ಮೊದಲೇ ತೀರ್ಮಾನ ಮಾಡಿಕೊಂಡು ಕೂತರೆ ಅದಕ್ಕೂ ಮೋಸ.

ಕೆಳಗಿನಿಂದ ಮೇಲಕ್ಕೆ ಹೋಗುವುದು ಯಾಕೆ ಕೆಲಸ ಮಾಡುತ್ತೆ ಅಂದರೆ, ಊದುವವರು ಅಲೆಮಾರಿಗಳು. ಇವತ್ತು ಈ ಲೇಬಲ್, ನಾಳೆ ಆ ಲೇಬಲ್. ಅವರ ನಾದವನ್ನು ಅನುಕರಿಸುವವರೂ ನೂರು ಜನ. ಆಲ್ಟೊ ಸ್ಯಾಕ್ಸೊಫೋನಿನ ಚಾರ್ಲಿ ಪಾರ್ಕರ್ ಥರ ನುಡಿಸುವವರನ್ನು ಎಣಿಸುತ್ತಾ ಕೂತರೆ ಬೆಳಗಾಗುತ್ತೆ. ಪಿಯಾನೊ, ಬೇಸ್, ಡ್ರಮ್ಸ್ ಸೇರಿದ ರಿದಮ್ ತಂಡಗಳು ಹಾಗಲ್ಲ, ಅವು ಅಂಟಿಕೊಂಡಿರುತ್ತವೆ. ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಹತ್ತಿರ 1955ರಿಂದ ಮೂರು ವರ್ಷ ರೆಡ್ ಗಾರ್ಲೆಂಡ್, ಪಾಲ್ ಚೇಂಬರ್ಸ್, ಫಿಲ್ಲಿ ಜೋ ಜೋನ್ಸ್. 1959ರಿಂದ ವಿಂಟನ್ ಕೆಲ್ಲಿ, ಚೇಂಬರ್ಸ್, ಜಿಮ್ಮಿ ಕಾಬ್. ಈ ಮೂವರು ಮೈಲ್ಸ್ ಇಲ್ಲದೆಯೂ ಒಟ್ಟಿಗೆ ಎಷ್ಟೋ ಕಡೆ ನುಡಿಸಿದ್ದಾರೆ. ಇವರಲ್ಲಿ ಇಬ್ಬರು ಸಿಕ್ಕರೆ ಮೂರನೆಯವರು ಮುಕ್ಕಾಲು ಪಾಲು ಸಿಕ್ಕ ಹಾಗೆ. ವರ್ಷ ಎರಡು ಮೂರರೊಳಗೆ ಬರುತ್ತೆ. ಆಮೇಲೆ ಆ ವರ್ಷ ಆ ತಂಡದ ಜೊತೆ ಊದಬಹುದಾದವರು ಐದಾರು ಜನ ಉಳಿಯುತ್ತಾರೆ, ಅಷ್ಟೇ.

ಡ್ರಮ್ಸ್ ಕೇಳಲು ನಾನು ಬಳಸುವುದು ನಮ್ಮ ಕೊನ್ನಕ್ಕೋಲು, ಅಂದರೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮೃದಂಗ ಕಲಿತಿದ್ದೆ. ಡ್ರಮ್ಮರ್ ಲಯ ಹಿಡಿದು ನಡೆಸುವ ರೈಡ್ ಸಿಂಬಲ್ಲನ್ನು ಬಾಯಲ್ಲಿ ಹೇಳಿಕೊಳ್ಳುತ್ತೇನೆ: ತಾಂ, ತಾಂ-ಕು, ತಾಂ, ತಾಂ-ಕು. ಆ ‘ಕು’ ಎಲ್ಲಿ ಬೀಳುತ್ತೆ ಅನ್ನುವುದರಲ್ಲೇ ಆಸಾಮಿ ಇರುವುದು. ಕೆಲವರದು ಮುಂದಿನ ತಾಂಗೆ ಅಂಟಿಕೊಂಡಿರುತ್ತೆ, ಕೆಲವರದು ಸ್ವಲ್ಪ ಮುಂಚೆಯೇ ಬಂದು ಅಗಲವಾಗಿರುತ್ತೆ. ವೇಗ ಹೆಚ್ಚಿದಷ್ಟೂ ಎಲ್ಲರದೂ ನೇರವಾಗುತ್ತೆ, ಆದ್ದರಿಂದ ನಿಧಾನದ ಪೀಸು ಸಿಕ್ಕರೆ ಬಿಡಬೇಡಿ. ಎಲ್ವಿನ್ ಜೋನ್ಸ್ ಬಂದರೆ ಬಾಯಿ ತಾನಾಗಿ ‘ತಕಿಟ ತಕಿಟ’ಕ್ಕೆ ಹೊರಳುತ್ತೆ, ಅದೂ ನಡುವಿನ ‘ಕಿ’ ಮೇಲೆ ಒತ್ತು ಬೀಳುತ್ತೆ. ಆರ್ಟ್ ಬ್ಲೇಕಿ ಎರಡನೇ, ನಾಲ್ಕನೇ ಏಟಿಗೆ ಹೈ-ಹ್ಯಾಟ್ (ಕಾಲಲ್ಲಿ ಮುಚ್ಚುವ ಜೋಡಿ ಸಿಂಬಲ್) ಕಚ್ಚಿ ಹಿಡಿಯುವುದು ಬಾಗಿಲ ಚಿಲಕ ಬಿದ್ದ ಹಾಗೆ. ಫಿಲ್ಲಿ ಜೋ ನಾಲ್ಕನೇ ಏಟಿಗೆ ಕಡ್ಡಿಯನ್ನು ಡ್ರಮ್ಮಿನ ರಿಮ್ ಮೇಲೆ ‘ಟಕ್’ ಅನ್ನಿಸುವುದು ನಿಮಗೆಲ್ಲ ಗೊತ್ತು. ಆದರೆ ಅದೊಂದನ್ನೇ ನಂಬಿ ಎರಡು ಸಲ ಪೆಟ್ಟು ತಿಂದಿದ್ದೇನೆ, ಯಾಕೆಂದರೆ ಆಮೇಲೆ ಬಂದವರೆಲ್ಲ ಅದನ್ನು ಕದ್ದರು. ಟಕ್ ಆದ ಮೇಲೆ ಸ್ನೇರ್ ಡ್ರಮ್ ಏನು ಮಾಡುತ್ತೆ ಅಂತ ಕೇಳಬೇಕು.

ಇನ್ನು ಆ ಐನೂರು ರೂಪಾಯಿಯ ಕಥೆ.

ಮೂರು ವರ್ಷದ ಹಿಂದೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಒಂದು ರಟ್ಟಿನ ಡಬ್ಬ ಸಿಕ್ಕಿತು. ಅರವತ್ತು ಚಿಲ್ಲರೆ ಕ್ಯಾಸೆಟ್. ಯಾರದೋ ಮನೆ ಖಾಲಿ ಮಾಡುವಾಗ ಹೊರಗೆ ಬಂದದ್ದು. ಮೇಲೆ ಬರೆದದ್ದು ಬರೀ ನಂಬರ್: 14, 15, 16. ಪಟ್ಟಿ ಬರೆದಿಟ್ಟ ಪುಸ್ತಕ ರದ್ದಿಗೆ ಹೋಗಿರಬೇಕು. ಮೂರು ಸಾವಿರ ಹೇಳಿದರು, ಸಾವಿರದ ಎಂಟುನೂರಕ್ಕೆ ಕೊಟ್ಟರು. ಸೆಕೆಂಡ್ ಹ್ಯಾಂಡ್ ಡೆಕ್‌ಗೆ ಆರೂವರೆ ಸಾವಿರ, ಬೆಲ್ಟ್ ಬದಲಾಯಿಸಲು ಮುನ್ನೂರೈವತ್ತು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಅಜಿಮತ್, ಅಂದರೆ ಟೇಪಿಗೆ ಹೆಡ್ಡಿನ ಕೋನ, ಸರಿ ಮಾಡುವುದನ್ನು ನಾನೇ ಕಲಿತೆ. ಪ್ರತಿ ಕ್ಯಾಸೆಟ್‌ಗೂ ಬೇರೆ ಬೇರೆ ತಿರುಗಿಸಬೇಕು, ಅದಕ್ಕೆ ಸೋಮಾರಿತನ ಮಾಡಬೇಡಿ.

ಇಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಮೊದಲ ಹತ್ತು ಕ್ಯಾಸೆಟ್ಟನ್ನು ಹಳೇ ಟೇಪು ‘ಕ್ಲೀನ್’ ಮಾಡಿಕೊಡುವ ಒಬ್ಬರಿಗೆ ಕೊಟ್ಟೆ. ನಾಲ್ಕು ಸಾವಿರ ತೆಗೆದುಕೊಂಡರು. ಟೇಪಿನ ಹಿಸ್ ಅನ್ನುವ ಸದ್ದು ಹೋಗಿತ್ತು, ನಿಜ. ಅದರ ಜೊತೆ ಸಿಂಬಲ್ಲೂ ಹೋಗಿತ್ತು. ರೈಡ್ ಇದ್ದ ಜಾಗದಲ್ಲಿ ನೀರೊಳಗೆ ಗುಳುಗುಳು ಅಂದ ಹಾಗೆ ಏನೋ ಕೇಳಿಸುತ್ತಿತ್ತು. ಡ್ರಮ್ಮರ್ ಇರುವುದೇ ಆ ಹಿಸ್ಸಿನ ಪಕ್ಕದಲ್ಲಿ. ಅದನ್ನು ಒರೆಸಿದರೆ ಮನುಷ್ಯನನ್ನೇ ಒರೆಸಿದ ಹಾಗೆ. ಪುಣ್ಯಕ್ಕೆ ಮೂಲ ಕ್ಯಾಸೆಟ್ ವಾಪಸ್ ಬಂತು, ಎಲ್ಲವನ್ನೂ ಹೊಸದಾಗಿ ಕಂಪ್ಯೂಟರ್‌ಗೆ ಇಳಿಸಿದೆ.

29ನೇ ನಂಬರಿನ ಕ್ಯಾಸೆಟ್. ಆಲ್ಟೊ, ಪಿಯಾನೊ, ಬೇಸ್, ಡ್ರಮ್ಸ್. ರಾಗ ಯಾರಿಗೂ ಗೊತ್ತಿಲ್ಲ. ಗುಂಪಿನಲ್ಲಿ ಹಾಕಿದಾಗ ಎಲ್ಲರೂ ಒಂದೇ ದನಿಯಲ್ಲಿ ಜ್ಯಾಕಿ ಮೆಕ್ಲೀನ್ ಅಂದರು. ಕಾರಣ, ಆಲ್ಟೊ ಚೂಪಾಗಿತ್ತು, ಶ್ರುತಿ ಮೇಲಕ್ಕೆ ಎಳೆದ ಹಾಗಿತ್ತು. ಮೆಕ್ಲೀನ್ ಶ್ರುತಿಗಿಂತ ಒಂದು ಎಳೆ ಮೇಲೆ ನುಡಿಸುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ವಿಷಯ. ನಾನೂ ಮೊದಲು ಅದನ್ನೇ ಚೀಟಿಯ ಹಿಂದೆ ಬರೆದಿದ್ದೆ.

ಮನೆಗೆ ಬಂದು ಮತ್ತೆ ಹಾಕಿದೆ. ಆಲ್ಟೊ ಬಿಟ್ಟು ಪಿಯಾನೊ ಜೊತೆ ಹಾರ್ಮೋನಿಯಂ ಹಿಡಿದೆ. ಪಿಯಾನೊ ಕೂಡ ಮೇಲಿತ್ತು! ಹೆಚ್ಚುಕಡಿಮೆ ಒಂದು ಮನೆ, ಅಂದರೆ ಪಕ್ಕದ ಕೀಲಿಯಷ್ಟು ಮೇಲೆ. ಪಿಯಾನೊ ಮೇಲೆ ಹೋಗಿ ಆಲ್ಟೊ ಅದರ ಜೊತೆಗೇ ಇದ್ದರೆ ಅದು ಮೆಕ್ಲೀನ್ ಅಲ್ಲ, ಯಂತ್ರ ಓಡುತ್ತಿರುವುದು ಜೋರು. ಆಲ್ಟೊ ಮಾತ್ರ ಮೇಲಿದ್ದರೆ ಮೆಕ್ಲೀನ್. ಇಷ್ಟು ಸರಳ ವಿಷಯ ಆರು ಜನರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಎಷ್ಟು ಜೋರು ಅಂತ ಕಂಡುಹಿಡಿದ ಬಗೆ ನನಗೇ ತುಂಬಾ ಖುಷಿ ಕೊಟ್ಟದ್ದು. ಕ್ಯಾಸೆಟ್ಟು ಎಲ್‌ಪಿಯಿಂದ ಇಳಿಸಿದ್ದು. ಬೇಸ್ ಸೋಲೊ ಹೊತ್ತಿಗೆ ಸದ್ದು ಕಮ್ಮಿ ಆದಾಗ ಹಿಂದೆ ಒಂದು ಗೀರಿನ ‘ಟಿಕ್’ ಕೇಳಿಸುತ್ತಿತ್ತು. ಟಿಕ್… ಟಿಕ್… ಟಿಕ್. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರು ಕಾಲಿಗಿಂತ ಸ್ವಲ್ಪ ಹೆಚ್ಚು, ಸರಿಯಾಗಿ ಹೇಳಬೇಕೆಂದರೆ ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತು ತಿರುಗುತ್ತೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಒಂದೇ ಗೀರು ಪ್ರತಿ 1.8 ಸೆಕೆಂಡಿಗೆ ಟಿಕ್ ಅನ್ನಬೇಕು. ಆಡಾಸಿಟಿ ಅನ್ನುವ ಕಂಪ್ಯೂಟರ್ ತಂತ್ರಾಂಶದಲ್ಲಿ ಸದ್ದಿನ ಅಲೆ ಹಿಗ್ಗಿಸಿ ಇಪ್ಪತ್ತು ಟಿಕ್ ಅಳೆದೆ. ನೆನಪಿದ್ದ ಹಾಗೆ 34 ಸೆಕೆಂಡ್ ಬಂತು, ಬರಬೇಕಾದದ್ದು 36. ಟಿಕ್ಕಿಗೆ 1.7. ಸುಮಾರು ಆರು ಪರ್ಸೆಂಟ್ ಜೋರು, ಅಂದರೆ ಹೆಚ್ಚುಕಡಿಮೆ ಒಂದು ಮನೆ ಮೇಲೆ. ಹಾರ್ಮೋನಿಯಂ ಹೇಳಿದ್ದನ್ನೇ ಗೀರೂ ಹೇಳಿತು. ಟರ್ನ್‌ಟೇಬಲ್ ತಪ್ಪು, ಕ್ಯಾಸೆಟ್ ತಪ್ಪು, ನನ್ನ ಡೆಕ್ಕಿನ ತಪ್ಪು, ಮೂರನ್ನೂ ಒಂದೇ ಗೀರು ಸರಿ ಮಾಡಿಕೊಡುತ್ತೆ. 78ರ ತಟ್ಟೆ ಆದರೆ ಸುತ್ತಿಗೆ ಸುಮಾರು 0.77 ಸೆಕೆಂಡ್. ಸ್ಟುಡಿಯೊದಲ್ಲೇ ತಪ್ಪಾಗಿದ್ದರೆ ಮಾತ್ರ ಗೀರಿಗೂ ಗೊತ್ತಾಗುವುದಿಲ್ಲ. ಮೈಲ್ಸ್‌ರ ‘ಕೈಂಡ್ ಆಫ್ ಬ್ಲೂ’ ಮೊದಲ ಮಗ್ಗುಲು ಹಾಗೇ ಆಗಿತ್ತಲ್ಲ, 1990ರ ದಶಕದವರೆಗೆ ಜಗತ್ತೆಲ್ಲ ಅದನ್ನು ಒಂದು ಕೂದಲೆಳೆ ಮೇಲಿನ ಶ್ರುತಿಯಲ್ಲೇ ಕೇಳಿತು.

ವೇಗ ಇಳಿಸಿದ ಮೇಲೆ ಟೇಪಿನೊಳಗೆ ಬೇರೆ ಜನ ಕೂತಿದ್ದರು. ಆಲ್ಟೊಗೆ ಎದೆ ಬಂತು. ಪಿಯಾನೊಗೆ ಮರ ಬಂತು.

ಈಗ ಕೆಳಗಿನಿಂದ ಹೊರಟೆ. ಡ್ರಮ್ಸ್ ನನಗೆ ಗೊತ್ತಿರುವ ಯಾರಿಗೂ ಹೊಂದಲಿಲ್ಲ. ಬೇಸೂ ಅಷ್ಟೇ. ಇದೂ ಒಂದು ಸುಳಿವು. ಲೇಬಲ್‌ಗಳು ದಿನಗೂಲಿಗೆ ಕರೆಸುತ್ತಿದ್ದ ತಂಡ ಆಗಿದ್ದರೆ ನನಗೆ ಸಿಗಬೇಕಿತ್ತು. ಅಲ್ಲ ಅಂದರೆ ಇದು ಯಾರದೋ ಸ್ವಂತ ಬ್ಯಾಂಡು, ಒಟ್ಟಿಗೆ ಊರೂರು ತಿರುಗಿದವರು. ಕೋಣೆ ಬ್ಲೂ ನೋಟ್, ಪ್ರೆಸ್ಟೀಜ್ ಲೇಬಲ್‌ಗಳಿಗೆ ರೆಕಾರ್ಡ್ ಮಾಡುತ್ತಿದ್ದ ಇಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್‌ದಲ್ಲ. ಹ್ಯಾಕೆನ್ಸಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಾಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾಗಲೂ, 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ಗೆ ಹೋದ ಮೇಲೂ ಅವರ ಪಿಯಾನೊ ಡಬ್ಬದೊಳಗೆ ಇಟ್ಟ ಹಾಗೆ ಇರುತ್ತೆ. ಇದು ತೆರೆದಿತ್ತು. ಬ್ಲೂ ನೋಟ್, ಪ್ರೆಸ್ಟೀಜ್ ಎರಡೂ ಹೆಚ್ಚುಕಡಿಮೆ ಹೊರಗೆ ಹೋದವು. ಮೆಕ್ಲೀನ್ ಆಗ ಊದುತ್ತಿದ್ದದ್ದು ಆ ಎರಡಕ್ಕೇ ಜಾಸ್ತಿ.

ಪಿಯಾನೊದ ಬಲಗೈ ಬಡ್ ಪವೆಲ್ ಘರಾನೆಯದು, ಅನುಮಾನವೇ ಇಲ್ಲ. ಆದರೆ ಬಡ್ ಅಲ್ಲ. ಬಡ್ ನುಡಿಸುವಾಗ ಜೊತೆಗೆ ಗೊಣಗುತ್ತಾರೆ, ಇಲ್ಲಿ ಗಂಟಲಿನ ಸದ್ದೇ ಇಲ್ಲ. ಎಡಗೈಯೂ ಬಡ್‌ಗಿಂತ ಜಾಸ್ತಿ ಮಾತಾಡುತ್ತಿತ್ತು. ಇಲ್ಲಿ ಒಂದು ವಾರ ನಿಂತೆ.

ಆಮೇಲೆ ಆಲ್ಟೊ. ಉದ್ದದ ಸ್ವರಕ್ಕೆ ಅವರು ನೇರವಾಗಿ ಹೋಗುವುದಿಲ್ಲ. ಕೆಳಗಿನಿಂದ ಎಳೆದು ತಂದು, ತಲುಪಿದ ಮೇಲೆ ಸುಮ್ನೆ ನಿಲ್ಲದೆ ಸ್ವರ ಬಿಡುವ ಮುಂಚೆ ಅಳು ನುಂಗಿಕೊಂಡ ಹಾಗೆ ಒಮ್ಮೆ ಹಿಂಡುತ್ತಾರೆ. ಇದನ್ನು ನಾನು ಎಲ್ಲೋ ಕೇಳಿದ್ದೇನೆ, ಆದರೆ ಜಾಝ್‌ನಲ್ಲಿ ಅಲ್ಲ ಅನ್ನಿಸಿತು. ಮೂರನೇ ದಿನ ಸ್ನಾನ ಮಾಡುವಾಗ ಹೊಳೆಯಿತು. ‘ಜ್ಯೋತಿ’! ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಅಮೆರಿಕದ ಆಲ್ಟೊ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ಇಸಿಎಂ ಲೇಬಲ್‌ಗೆ ಮಾಡಿದ ರೆಕಾರ್ಡ್. ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ. ಆ ಕ್ಯಾಸೆಟ್ ಹರಿದುಹೋಗುವಷ್ಟು ಕೇಳಿದವನು ನಾನು. ರಮಾಮಣಿಯವರು ಬಿಟ್ಟ ಸ್ವರವನ್ನು ಮರಿಯಾನೊ ಎತ್ತಿಕೊಳ್ಳುವಾಗ ಇದೇ ಹಿಂಡು ಇದೆ. ನಾಗಸ್ವರವನ್ನೂ ಊದಿದವರು ಅವರು. ನಾಗಸ್ವರದಿಂದ ಬಂದ ಗಮಕ ಅದು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅಲ್ಲ, ಅದು ಮೊದಲಿಂದಲೂ ಅವರಲ್ಲಿ ಇತ್ತು. ಬೇಸ್ ವಾದಕ ಚಾರ್ಲ್ಸ್ ಮಿಂಗಸ್‌ರ 1963ರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ಬೇಡಿಕೊಳ್ಳುತ್ತಲ್ಲ, ಅದೂ ಇವರೇ. ಒದ್ದೆ ತಲೆಯಲ್ಲೇ ಬಂದು ಎರಡನ್ನೂ ಒಂದರ ಹಿಂದೆ ಒಂದು ಹಾಕಿದೆ. ಇಪ್ಪತ್ತು ವರ್ಷದ ಅಂತರ, ಅದೇ ಮನುಷ್ಯ.

ಮರಿಯಾನೊ ಆದರೆ ಪಿಯಾನೊ ಯಾರು ಅಂತ ಕೇಳಲೇ ಬೇಕಿರಲಿಲ್ಲ. ಬಡ್ ಪವೆಲ್ ದಾರಿಯಲ್ಲಿ ಬಂದವರು, ಮರಿಯಾನೊ ಅವರ ಸ್ವಂತ ಬ್ಯಾಂಡಿನವರು, 1960ರ ಆಸುಪಾಸು: ತೊಶಿಕೊ ಅಕಿಯೊಶಿ. 1956ರಲ್ಲಿ ಜಪಾನಿನಿಂದ ಬಾಸ್ಟನ್‌ನ ಬರ್ಕ್ಲಿ ಸಂಗೀತ ಶಾಲೆಗೆ ಓದಲು ಬಂದವರು, ಆಮೇಲೆ ಮರಿಯಾನೊ ಅವರನ್ನು ಮದುವೆಯಾದವರು.

ಗುಂಪಿಗೆ ಹೇಳಿದೆ. ಹಿರಿಯರು ನಂಬಲಿಲ್ಲ. ಬೆಂಗಳೂರು ಕ್ಯಾಸೆಟ್ ಕೇಳಿ ಕೇಳಿ ನಿನಗೆ ಎಲ್ಲರೂ ಮರಿಯಾನೊ ಥರ ಕೇಳಿಸ್ತಾರೆ ಅಂದರು. ಐನೂರಕ್ಕೆ ಪಂದ್ಯ. ನ್ಯೂಜೆರ್ಸಿಯಲ್ಲಿರುವ ಹಾಸನದ ಗೆಳೆಯರೊಬ್ಬರ ಹತ್ತಿರ ‘ತೊಶಿಕೊ ಮರಿಯಾನೊ ಕ್ವಾರ್ಟೆಟ್’ ಇತ್ತು. 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಕ್ಯಾಂಡಿಡ್ ಲೇಬಲ್‌ಗೆ ಮಾಡಿದ್ದು. ಅವರು ವಾಟ್ಸ್ಆ್ಯಪ್‌ನಲ್ಲಿ ಪೀಸುಗಳನ್ನು ಕಳಿಸುತ್ತಾ ಹೋದರು. ‘ಲಾಂಗ್ ಯೆಲ್ಲೋ ರೋಡ್’ ಬಂದ ತಕ್ಷಣ ರಾಗ ಗೊತ್ತಾಯಿತು. ನನ್ನ ಟೇಪಿನ ಜೊತೆ ಒಟ್ಟಿಗೆ ಓಡಿಸಿದೆ. ಸೋಲೊದ ಪ್ರತಿ ಉಸಿರೂ ಕೂತಿತು. ಅದು ಅಕಿಯೊಶಿ ಅವರದೇ ರಚನೆ, ಮುಂದೆ ತಮ್ಮ ಬಿಗ್ ಬ್ಯಾಂಡ್ ಜೊತೆಗೂ ಮಾಡಿದರು.

ನೋಟು ಕೊಡುವಾಗ ಹಿರಿಯರು ಕೇಳಿದರು, ‘ಕೊನೆಗೆ ಗೊತ್ತಾಗಿದ್ದು ಆಲ್ಟೊ ಕೇಳಿನೇ ಅಲ್ವಾ?’ ಹೌದು. ಆದರೆ ಪಿಯಾನೊ ಶ್ರುತಿ ನೋಡದಿದ್ದರೆ ಮೆಕ್ಲೀನ್ ಹತ್ತಿರವೇ ನಿಂತಿರುತ್ತಿದ್ದೆ. ಕೋಣೆ ಕೇಳದಿದ್ದರೆ ಬ್ಲೂ ನೋಟ್ ಪಟ್ಟಿಯಲ್ಲಿ ಹುಡುಕುತ್ತಿದ್ದೆ. ಆಲ್ಟೊ ಹತ್ತಿರ ಹೋಗುವಷ್ಟರಲ್ಲಿ ಕಿವಿ ಖಾಲಿಯಾಗಿತ್ತು, ಅದಕ್ಕೇ ‘ಜ್ಯೋತಿ’ಗೆ ಜಾಗ ಸಿಕ್ಕಿತು. ಬೇಸ್‌ನ ಜೀನ್ ಚೆರಿಕೊ, ಡ್ರಮ್ಸ್‌ನ ಎಡ್ಡಿ ಮಾರ್ಷಲ್ ಇಬ್ಬರನ್ನೂ ಆಗ ನಾನು ಹೇಳಿರಲಿಲ್ಲ. ಈಗ ಮಾರ್ಷಲ್ ಎಲ್ಲಿ ಬಂದರೂ ಹಿಡಿಯುತ್ತೇನೆ.

ನಡುವೆ ಕೆಲವು ಪ್ರಯೋಗ ಮಾಡಿದೆ. ಹಾಡು ಗುರುತಿಸುವ ಫೋನ್ ಆ್ಯಪ್‌ಗೆ ಇಪ್ಪತ್ತು ಕ್ಯಾಸೆಟ್ ಕೇಳಿಸಿದೆ, ಎರಡೋ ಮೂರೋ ಹೇಳಿತು. ವೇಗ ಸರಿ ಮಾಡಿ ಕೇಳಿಸಿದಾಗ ಏಳಕ್ಕೆ ಏರಿತು, ಆದ್ದರಿಂದ ಮೊದಲು ಗೀರು ಅಳೆಯಿರಿ. ಇನ್ನೊಂದು, ಕರೆಂಟಿನ ಗುಂಯ್ ಸದ್ದು. ಅಮೆರಿಕದ ಕರೆಂಟು 60 ಹರ್ಟ್ಸ್, ಯುರೋಪು ಮತ್ತು ನಮ್ಮದು 50. ರೇಡಿಯೊ ಅಥವಾ ಕ್ಲಬ್ಬಿನ ಟೇಪಿನ ತಳದಲ್ಲಿ ಯಾವ ಗುಂಯ್ ಇದೆ ಅಂತ ನೋಡಿದರೆ ಯಾವ ಖಂಡ ಅಂತ ಹೇಳಬಹುದು ಅಂದುಕೊಂಡೆ. ಎರಡು ತಿಂಗಳು ವ್ಯರ್ಥ. ಎಲ್ಲದರಲ್ಲೂ 50 ಬಂತು, ಅದು ಇಲ್ಲಿ ಕಾಪಿ ಮಾಡಿದ ಮನೆಯ ಕರೆಂಟು. ಒಂದೇ ಒಂದು ಟೇಪಿನಲ್ಲಿ 50ರ ಪಕ್ಕದಲ್ಲಿ 60ರ ಗೆರೆಯೂ ಸಣ್ಣಗೆ ಕಂಡಿತು. ಅದನ್ನು ಎತ್ತಿಟ್ಟಿದ್ದೇನೆ.

ನಮ್ಮ ಕಡೆಯ ಸಂಗೀತದಲ್ಲೂ ನೋಡಿದೆ. 78ರ ಹಿಂದೂಸ್ತಾನಿ ತಟ್ಟೆಗಳಲ್ಲಿ ಗಾಯಕರು ಸಿಗುವುದು ಸುಲಭ, ಹಳೆಯ ಕಾಲದವರು ಕೊನೆಯಲ್ಲಿ ಹೆಸರನ್ನೇ ಹೇಳಿಬಿಡುತ್ತಿದ್ದರು. ಮೈಸೂರಿನಲ್ಲಿ 1930ರಲ್ಲಿ ತೀರಿಕೊಂಡ ಗೌಹರ್ ಜಾನ್ ಅವರ ‘ಮೈ ನೇಮ್ ಈಸ್ ಗೌಹರ್ ಜಾನ್’ ಯಾರಿಗೆ ಗೊತ್ತಿಲ್ಲ? ಮಲ್ಲಿಕಾರ್ಜುನ ಮನ್ಸೂರರನ್ನು ಒಂದು ಉಸಿರಿಗೆ ಹೇಳಬಹುದು. ತಬಲಾದವರು, ಹಾರ್ಮೋನಿಯಂನವರು ಯಾರು ಅನ್ನುವುದರಲ್ಲೇ ಕಷ್ಟ ಇರುವುದು. ಅದಕ್ಕೂ ಇದೇ ದಾರಿ ನಡೆಯುತ್ತೆ, ಆದರೆ ಅದನ್ನು ಬರೆಯಲು ಇನ್ನೊಂದು ವರ್ಷ ಬೇಕು.

ಬೇಸ್ ಬಗ್ಗೆ ಕಮ್ಮಿ ಬರೆದೆ ಅಂತ ಗಮನಿಸಿರಬಹುದು. ಚೇಂಬರ್ಸ್ ಕಮಾನು ಹಿಡಿದು ಸೋಲೊ ಮಾಡುವುದು, ಸ್ಲ್ಯಾಮ್ ಸ್ಟುವರ್ಟ್ ಕಮಾನಿನ ಜೊತೆ ಒಂದು ಸ್ಥಾಯಿ ಮೇಲೆ ಗುನುಗುವುದು, ಮೇಜರ್ ಹಾಲಿ ಅದೇ ಸ್ಥಾಯಿಯಲ್ಲಿ ಗುನುಗುವುದು, ಇಷ್ಟು ಎಲ್ಲರಿಗೂ ಗೊತ್ತು. ಬೆರಳಲ್ಲಿ ಮೀಟುವವರನ್ನು ನಾನು ಬೇರೆ ಮಾಡುವ ಬಗೆ ಒಂದಿದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಗುಂಪಿನಲ್ಲಿ ಇನ್ನೂ ಮೂರು ಜನರ ಮೇಲೆ ಪಂದ್ಯ ಬಾಕಿ ಇದೆ. ಒಂದು ಮಾತು ಮಾತ್ರ ಹೇಳುತ್ತೇನೆ: ಸ್ವರ ಹುಟ್ಟುವುದನ್ನಲ್ಲ, ಸಾಯುವುದನ್ನು ಕೇಳಿ.

ಡಬ್ಬದಲ್ಲಿ ಇನ್ನೂ ಇಪ್ಪತ್ತೆರಡು ಕ್ಯಾಸೆಟ್ ಉಳಿದಿವೆ. ಈಗ ಡೆಕ್ಕಿನಲ್ಲಿರುವುದು 41, ಆ 60ರ ಗೆರೆ ಇದ್ದದ್ದು. ಕ್ಲಬ್ಬಿನ ಗಲಾಟೆ, ಗ್ಲಾಸಿನ ಸದ್ದು, ಒಂದು ಟ್ರೊಂಬೋನ್, ಒಂದು ಟೆನರ್. 60ರ ಗೆರೆ ನನಗೆ 61ರ ಹತ್ತಿರ ಕಾಣುತ್ತಿದೆ, ಅಂದರೆ ಟೇಪು ಒಂದೂವರೆ ಪರ್ಸೆಂಟ್ ಜೋರು. ಡ್ರಮ್ಸ್ ಯಾರು ಅಂತ ನಿನ್ನೆ ರಾತ್ರಿ ಚೀಟಿಯಲ್ಲಿ ಬರೆದು ಮಡಚಿಟ್ಟಿದ್ದೇನೆ. ಟೆನರ್ ಇನ್ನೂ ಕೇಳಿಲ್ಲ.